ಸೋಲುವ ತಂಡದ ಸೀಸನ್ ಟಿಕೆಟ್: ಲೂಟನ್ ಟೌನ್ ವಿಮರ್ಶೆ

ಸೀಸನ್ ಟಿಕೆಟ್ ಅಂದರೆ 19 ತವರು ಪಂದ್ಯಗಳಿಗೆ ಮುಂಗಡ ದುಡ್ಡು ಕಟ್ಟಿ ಒಂದು ಕುರ್ಚಿ ಕಾಯ್ದಿರಿಸುವುದು. ದೊಡ್ಡ ಕ್ಲಬ್‌ಗಳಲ್ಲಿ ಗೆಲುವು ಹೇಗೂ ಬರುತ್ತದೆ ಎನ್ನುವ ನಂಬಿಕೆಯಲ್ಲೇ ಜನ ಇದನ್ನು ಕೊಳ್ಳುತ್ತಾರೆ. ಕೆಳಗಿನ ದರ್ಜೆಯಿಂದ ಆಗಷ್ಟೇ ಬಡ್ತಿ ಪಡೆದು ಇಂಗ್ಲೆಂಡಿನ ಫುಟ್‌ಬಾಲ್‌ನ ಮೊದಲ ದರ್ಜೆಯಾದ ಪ್ರೀಮಿಯರ್ ಲೀಗ್‌ಗೆ ಬಂದ ತಂಡದಲ್ಲಿ ಆ ನಂಬಿಕೆಗೆ ಆಧಾರವಿಲ್ಲ. ಲೂಟನ್ ಟೌನ್ 2023-24ರಲ್ಲಿ ತನ್ನ ಟಿಕೆಟ್‌ದಾರರಿಗೆ ಕೊಟ್ಟದ್ದು 4 ಗೆಲುವು, 4 ಡ್ರಾ, 11 ಸೋಲು. ಬೇರೆ ಯಾವ ವ್ಯಾಪಾರದಲ್ಲಾದರೂ ಗಿರಾಕಿಗಳು ಅಂಗಡಿ ಬದಲಾಯಿಸುತ್ತಿದ್ದರು. ಕೆನಿಲ್‌ವರ್ತ್ ರೋಡ್ ಮೈದಾನ ಮಾತ್ರ ಮೇ ತಿಂಗಳ ಕೊನೆಯ ಪಂದ್ಯದವರೆಗೂ ತುಂಬಿಯೇ ಇತ್ತು. ಏಕೆ ತುಂಬಿತ್ತು, ಆಮೇಲಿನ ವರ್ಷ ಅದೇ ಜನ ಏಕೆ ಗೊಣಗಲು ಶುರುಮಾಡಿದರು ಎನ್ನುವುದು ಈ ವಿಮರ್ಶೆಯ ವಿಷಯ.

ಮೊದಲು ಸರಕಿನ ಗುಣಮಟ್ಟ. ಆ 19 ತವರು ಪಂದ್ಯಗಳಲ್ಲಿ ಲೂಟನ್ ಗೋಲು ಹೊಡೆಯದೆ ಮುಗಿಸಿದ್ದು ಒಂದೇ ಒಂದು: ಅಕ್ಟೋಬರ್ 7ರಂದು ಟಾಟನಂ ವಿರುದ್ಧ 0-1. ಉಳಿದ 18ರಲ್ಲೂ ಜನ ಒಮ್ಮೆಯಾದರೂ ಎದ್ದು ನಿಂತು ಕೂಗಿದ್ದಾರೆ. ತವರಲ್ಲಿ ಒಟ್ಟು 28 ಗೋಲು. ಲಿವರ್‌ಪೂಲ್ ಜೊತೆ 1-1, ಆರ್ಸೆನಲ್ ಎದುರು 3-4, ಚೆಲ್ಸಿ ಎದುರು 2-3, ಬ್ರೈಟನ್ ಮೇಲೆ 4-0. ಸೋತ ಪಂದ್ಯಗಳಲ್ಲೂ ಬಹುಪಾಲು ಕೊನೆಯ ಹತ್ತು ನಿಮಿಷದವರೆಗೆ ಜೀವ ಹಿಡಿದುಕೊಂಡೇ ಇದ್ದವು. ಬ್ರೆಂಟ್‌ಫರ್ಡ್ ವಿರುದ್ಧದ 1-5 ಒಂದನ್ನು ಮಾತ್ರ ಯಾರೂ ಸಮರ್ಥಿಸಲಾರರು.

ಅಂಕಪಟ್ಟಿಯಲ್ಲಿ ಕಾಣದ ಈ ಅಂಶದ ಬೆಲೆ ತಿಳಿಯಬೇಕಾದರೆ ಮರುವರ್ಷದ ಲೆಸ್ಟರ್ ಸಿಟಿಯನ್ನು ನೋಡಬೇಕು. 2024-25ರಲ್ಲಿ ಅವರೂ ಬಡ್ತಿ ಪಡೆದು ಬಂದವರೇ. ಗಳಿಸಿದ್ದು 25 ಅಂಕ, ಅಂದರೆ ಲೂಟನ್‌ಗಿಂತ ಒಂದೇ ಕಡಿಮೆ. ಆದರೆ ಲೆಸ್ಟರ್ ತನ್ನ ಅಂಗಳದಲ್ಲಿ ಸತತ ಒಂಬತ್ತು ಲೀಗ್ ಪಂದ್ಯಗಳನ್ನು ಒಂದೂ ಗೋಲು ಹೊಡೆಯದೆ ಸೋತಿತು. 2016ರಲ್ಲಿ ಲೀಗ್ ಗೆದ್ದಿದ್ದ ಊರು ಅದು. ತಿಂಗಳುಗಟ್ಟಲೆ ಕುರ್ಚಿಯಿಂದ ಏಳುವ ಕಾರಣವೇ ಸಿಗದ ಪ್ರೇಕ್ಷಕ ಮುನಿಸಿಕೊಳ್ಳುವುದಕ್ಕೆ ಅಂಕಪಟ್ಟಿ ನೋಡಬೇಕಾಗಿಲ್ಲ. ಅದೇ ವರ್ಷ ಇಪ್ಸ್‌ವಿಚ್ ಟೌನ್ ತವರಲ್ಲಿ ಗೆದ್ದದ್ದು ಒಂದೇ ಪಂದ್ಯ, ಡಿಸೆಂಬರ್ 30ರಂದು ಚೆಲ್ಸಿ ಮೇಲೆ 2-0. ಸೌತಾಂಪ್ಟನ್ ಇನ್ನೂ ಏಳು ಪಂದ್ಯ ಬಾಕಿ ಇರುವಾಗಲೇ ಹಿಂಬಡ್ತಿ (20 ತಂಡಗಳಲ್ಲಿ ಕೊನೆಯ ಮೂರು ಕೆಳಗಿನ ದರ್ಜೆಗೆ ಇಳಿಯುವುದು) ಖಚಿತ ಮಾಡಿಕೊಂಡು 12 ಅಂಕಕ್ಕೆ ನಿಂತಿತು. ಎರಡು ಸೀಸನ್ ಬೆನ್ನುಬೆನ್ನಿಗೆ, ಬಡ್ತಿ ಪಡೆದ ಮೂರಕ್ಕೆ ಮೂರೂ ತಂಡಗಳು ಒಂದೇ ವರ್ಷದಲ್ಲಿ ವಾಪಸ್ ಹೋದವು. ಹೀಗಾಗಿ ಇಂಥ ಟಿಕೆಟ್ ಕೊಳ್ಳುವವರು ತಂಡ ಉಳಿಯುತ್ತದೆಯೇ ಎಂದು ಕೇಳುವುದರ ಜೊತೆಗೆ, ಉಳಿಯದಿದ್ದರೆ ನಮಗೇನು ಸಿಗುತ್ತದೆ ಎಂದೂ ಕೇಳಿಕೊಳ್ಳಬೇಕು.

ಲೂಟನ್ ಕುಸಿತದ ದಿನಾಂಕವನ್ನೇ ಗುರುತು ಹಾಕಬಹುದು. 2024ರ ಫೆಬ್ರವರಿ 3ರಂದು ನ್ಯೂಕಾಸಲ್‌ನಲ್ಲಿ 4-4 ಡ್ರಾ ಮಾಡಿಕೊಂಡಾಗ ತಂಡ 22 ಪಂದ್ಯಗಳಲ್ಲಿ 20 ಅಂಕ ಗಳಿಸಿ ಹಿಂಬಡ್ತಿಯ ಗೆರೆಗಿಂತ ಮೇಲೆ, 17ನೇ ಸ್ಥಾನದಲ್ಲಿತ್ತು. ಮುಂದಿನ ವಾರ, ಕೊನೆಯ ಸ್ಥಾನದಲ್ಲಿದ್ದ ಶೆಫೀಲ್ಡ್ ಯುನೈಟೆಡ್ ಎದುರು ತವರಲ್ಲೇ 1-3. ಗೆಲ್ಲಲೇಬೇಕಾದ ಪಂದ್ಯ ಯಾವುದು ಎಂದು ಆಗಸ್ಟ್‌ನಲ್ಲಿ ಕೇಳಿದ್ದರೆ ಎಲ್ಲರೂ ಅದನ್ನೇ ತೋರಿಸುತ್ತಿದ್ದರು. ಅಲ್ಲಿಂದಾಚೆ 16 ಪಂದ್ಯಗಳಲ್ಲಿ ಬಂದದ್ದು 6 ಅಂಕ. ಬೋರ್ನ್‌ಮತ್ ಮೇಲಿನ 2-1 ಒಂದೇ ಗೆಲುವು.

ಕಾರಣಗಳು ನಿಗೂಢವೇನಲ್ಲ. ಮ್ಯಾನೇಜರ್ ರಾಬ್ ಎಡ್ವರ್ಡ್ಸ್ ಅವರ ಲೂಟನ್ ಆಡುತ್ತಿದ್ದುದು ಹೆಚ್ಚಾಗಿ ಆಳಿಗೆ ಆಳು ಹಿಡಿಯುವ ಆಟ: ಹಿಂದೆ ಮೂವರು, ಎರಡೂ ಬದಿಯಲ್ಲಿ ಬಿಡದೆ ಓಡುವ ವಿಂಗ್‌ಬ್ಯಾಕ್‌ಗಳು, ಚೆಂಡು ಸಿಕ್ಕ ಕೂಡಲೇ ಎಲೈಜಾ ಅಡೆಬಾಯೊ ಅಥವಾ ಕಾರ್ಲ್‌ಟನ್ ಮಾರಿಸ್ ಕಡೆಗೆ ಉದ್ದನೆಯ ಪಾಸ್, ಬದಿಯಿಂದ ಆಲ್ಫೀ ಡೌಟಿಯ ಕ್ರಾಸ್. ಮಾರಿಸ್ 11, ಅಡೆಬಾಯೊ 10 ಗೋಲು ಹೊಡೆದರು. ಈ ಬಜೆಟ್‌ಗೆ ಅದು ದೊಡ್ಡ ಫಸಲು. ಆದರೆ ಆಳಿಗೆ ಆಳು ಆಟದಲ್ಲಿ ಒಬ್ಬ ಅರ್ಧ ಹೆಜ್ಜೆ ಹಿಂದೆ ಬಿದ್ದರೂ ಸರಪಳಿ ಪೂರ್ತಿ ಕಳಚುತ್ತದೆ. 70 ನಿಮಿಷದ ನಂತರ ಎದುರಾಳಿ ಬೆಂಚಿನಿಂದ ಹೊಸ ಕಾಲುಗಳು ಒಳಗೆ ಬರುತ್ತವೆ, ಲೂಟನ್ ಬೆಂಚಿನಲ್ಲಿ ಅಂಥವರಿರಲಿಲ್ಲ. ನಾಯಕ ಟಾಮ್ ಲಾಕಿಯರ್ ಡಿಸೆಂಬರ್ 16ರಂದು ಬೋರ್ನ್‌ಮತ್ ಮೈದಾನದಲ್ಲಿ ಹೃದಯಸ್ತಂಭನವಾಗಿ ಕುಸಿದರು. ಜೀವ ಉಳಿಯಿತು, ಆದರೆ ರಕ್ಷಣೆಯ ನಡುಗಂಬ ಹೋಯಿತು. ಹೊಸ ವರ್ಷದಲ್ಲಿ ಗಾಯಾಳುಗಳ ಪಟ್ಟಿ ಬೆಳೆಯುತ್ತಲೇ ಹೋಯಿತು. ಅಡೆಬಾಯೊ ಹೆಸರೂ ಅದರಲ್ಲಿ ಸೇರಿತು.

ಕೊನೆಯ ನಿಮಿಷಗಳ ಲೆಕ್ಕ ಹಾಕಿದರೆ ಕೈಗೆ ಬಂದ ತುತ್ತು ಎಷ್ಟು ಸಲ ಜಾರಿತು ಎಂದು ಕಾಣುತ್ತದೆ. ಲಿವರ್‌ಪೂಲ್ 95ನೇ ನಿಮಿಷದಲ್ಲಿ ಸಮ ಮಾಡಿತು. ಆರ್ಸೆನಲ್ 97ನೇ ನಿಮಿಷದಲ್ಲಿ ಗೆದ್ದಿತು. ಆಸ್ಟನ್ ವಿಲ್ಲಾ 89ರಲ್ಲಿ, ಟಾಟನಂ ತನ್ನ ಮೈದಾನದಲ್ಲಿ 86ರಲ್ಲಿ. ಲಾಕಿಯರ್ ಕುಸಿದಾಗ ನಿಂತುಹೋಗಿದ್ದ ಬೋರ್ನ್‌ಮತ್ ಪಂದ್ಯವನ್ನು ಮಾರ್ಚ್ 13ರಂದು ಹೊಸದಾಗಿ ಆಡಿದಾಗ 3-0 ಮುಂದಿದ್ದು 83ನೇ ನಿಮಿಷದ ಗೋಲಿನಿಂದ 3-4 ಸೋತರು. ಗೆಲುವಿಗೆ ಮೂರು ಅಂಕ, ಡ್ರಾಗೆ ಒಂದು. ಈ ಐದೂ ಗೋಲುಗಳನ್ನು ಅಳಿಸಿ ನೋಡಿ: ಲಿವರ್‌ಪೂಲ್‌ನಿಂದ ಇನ್ನೆರಡು ಅಂಕ, ಉಳಿದ ನಾಲ್ಕರಿಂದ ಒಂದೊಂದು. 26 ಹೋಗಿ 32 ಆಗುತ್ತದೆ. ನಾಲ್ಕು ಅಂಕ ದಂಡ ಕಟ್ಟಿಯೂ 17ನೇ ಸ್ಥಾನದಲ್ಲಿ ಉಳಿದ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಗಳಿಸಿದ್ದೂ ಸರಿಯಾಗಿ 32. ಆಗಲೂ ಗೋಲು ವ್ಯತ್ಯಾಸದಲ್ಲಿ (ಹೊಡೆದದ್ದರಲ್ಲಿ ಬಿಟ್ಟುಕೊಟ್ಟದ್ದನ್ನು ಕಳೆದರೆ ಉಳಿಯುವುದು) ಲೂಟನ್ನೇ ಕೆಳಗೆ ಹೋಗುತ್ತಿತ್ತು! ಅದೃಷ್ಟ ಕೆಟ್ಟಿತ್ತು ಎಂದು ಹಲುಬುವವರಿಗೆ ಇದಕ್ಕಿಂತ ಖಡಕ್ ಉತ್ತರ ಬೇಡ. ಬಿಟ್ಟುಕೊಟ್ಟ 85 ಗೋಲುಗಳೇ ರೋಗ, ಕೊನೆಯ ನಿಮಿಷದ್ದು ಅದರ ಒಂದು ಲಕ್ಷಣ ಅಷ್ಟೆ. ಅಂದಹಾಗೆ ಕ್ರಿಸ್ಟಲ್ ಪ್ಯಾಲೇಸ್ ಮತ್ತು ಫಾರೆಸ್ಟ್ ಎದುರು ಕೊನೆಗಳಿಗೆಯಲ್ಲಿ ಸಮ ಮಾಡಿ ಅಂಕ ಕಸಿದುಕೊಂಡದ್ದೂ ಇದೇ ತಂಡ.

ಇಷ್ಟಾದರೂ ಜನ ಕೈಬಿಡಲಿಲ್ಲ. ಇದರ ಮೊದಲ ಕಾರಣಕ್ಕೆ ಪ್ರೀಮಿಯರ್ ಲೀಗ್ ವರ್ಷಕ್ಕಿಂತ 15 ವರ್ಷ ಹಿಂದಕ್ಕೆ ಹೋಗಬೇಕು. 2008-09ರ ಸೀಸನ್ನನ್ನು ಲೂಟನ್ 30 ಅಂಕಗಳ ಕಡಿತದೊಂದಿಗೆ ಶುರುಮಾಡಿತು. ಹಿಂದಿನ ಆಡಳಿತದ ಹಣಕಾಸಿನ ಅವ್ಯವಹಾರ ಮತ್ತು ದಿವಾಳಿತನಕ್ಕೆ ಬಿದ್ದ ದಂಡ ಅದು. ಇನ್ನಾರೋ ಮಾಡಿದ ಸಾಲಕ್ಕೆ ಆ ವರ್ಷದ ಆಟಗಾರರೂ ಅಭಿಮಾನಿಗಳೂ ಬಡ್ಡಿ ಕಟ್ಟಿದರು. ನಾಲ್ಕು ದರ್ಜೆಗಳ ಫುಟ್‌ಬಾಲ್ ಲೀಗಿನಿಂದಲೇ ಹೊರಬಿದ್ದು ಐದು ವರ್ಷ ಐದನೇ ದರ್ಜೆಯಲ್ಲಿ ಕಳೆದರು. 2014ರಲ್ಲಿ ಹಿಂತಿರುಗಿ, 2023ರ ಮೇ 27ರಂದು ವೆಂಬ್ಲಿಯಲ್ಲಿ ನಡೆದ ಬಡ್ತಿಯ ಅಂತಿಮ ಪಂದ್ಯದಲ್ಲಿ ಕೊವೆಂಟ್ರಿಯನ್ನು ಪೆನಾಲ್ಟಿಯಲ್ಲಿ 6-5ರಿಂದ ಸೋಲಿಸಿ ಪ್ರೀಮಿಯರ್ ಲೀಗ್ ಮುಟ್ಟಿದರು. ಗೆದ್ದೆತ್ತಿನ ಬಾಲ ಹಿಡಿಯುವವರು ಈ ಹಾದಿಯಲ್ಲಿ ಎಂದೋ ಉದುರಿಹೋಗಿದ್ದರು. ಉಳಿದವರಿಗೆ ಆರ್ಸೆನಲ್ ಎದುರು 3-4 ಸೋಲು ಒಂದು ಸಡಗರ.

ಎರಡನೆಯ ಕಾರಣ ಕಾಗದದ ಮೇಲಿನ ಹಕ್ಕು. ಕ್ಲಬ್ಬಿನ ಹೆಸರು, ಬಣ್ಣ, ಲಾಂಛನ ಬದಲಾಯಿಸುವುದನ್ನು ತಡೆಯುವ ಅಧಿಕಾರವನ್ನು ಲೂಟನ್ ಆಡಳಿತ 2014ರಲ್ಲಿ ಅಭಿಮಾನಿಗಳ ಟ್ರಸ್ಟ್‌ಗೆ ಬರೆದುಕೊಟ್ಟಿತು. ಇದು ತೋರಿಕೆಯ ಮಾತಲ್ಲ ಎನ್ನುವುದಕ್ಕೆ ಕಾರ್ಡಿಫ್ ಸಿಟಿ ಸಾಕ್ಷಿ. ಅಲ್ಲಿ ಮಾಲೀಕ ವಿನ್ಸೆಂಟ್ ಟಾನ್ 2012ರಲ್ಲಿ ನೂರು ವರ್ಷದ ನೀಲಿ ಅಂಗಿಯನ್ನು ಕೆಂಪು ಮಾಡಿಸಿದರು. ತಂಡ ಬಡ್ತಿಯನ್ನೂ ಪಡೆಯಿತು. 2013-14ರಲ್ಲಿ ಕುಸಿತ ಶುರುವಾದಾಗ ಡಿಸೆಂಬರ್‌ನಲ್ಲಿ ಮ್ಯಾನೇಜರ್ ಮಾಲ್ಕಿ ಮೆಕೇಯನ್ನು ತೆಗೆದುಹಾಕಲಾಯಿತು, ತಂಡ 30 ಅಂಕದೊಂದಿಗೆ ಕಟ್ಟಕಡೆಯ ಸ್ಥಾನಕ್ಕಿಳಿಯಿತು. ಲೂಟನ್‌ಗಿಂತ ನಾಲ್ಕು ಅಂಕ ಹೆಚ್ಚು, ಆದರೂ ಗ್ಯಾಲರಿಯ ಸಿಟ್ಟು ಎದುರಾಳಿಗಿಂತ ಮಾಲೀಕನ ಮೇಲೇ ಇತ್ತು. 2015ರ ಜನವರಿಯಲ್ಲಿ ಅಂಗಿ ಮತ್ತೆ ನೀಲಿಯಾಯಿತು. ಸೋಲನ್ನು ನುಂಗಿಕೊಳ್ಳುವ ಜನ ತಮ್ಮ ಬಣ್ಣ ಕಳೆದುಕೊಳ್ಳುವುದನ್ನು ನುಂಗಲಿಲ್ಲ.

ಡರ್ಬಿ ಕೌಂಟಿಯ 2007-08 ಇನ್ನೂ ಕಠಿಣ ಪರೀಕ್ಷೆ: ಇಡೀ ಸೀಸನ್‌ಗೆ ಒಂದು ಗೆಲುವು, 11 ಅಂಕ, ಮಾರ್ಚ್ ಮುಗಿಯುವ ಮೊದಲೇ ಹಿಂಬಡ್ತಿ. ಆದರೂ ಅವರ ತವರು ಮೈದಾನ ಪ್ರೈಡ್ ಪಾರ್ಕ್‌ಗೆ ಸರಾಸರಿ 32 ಸಾವಿರಕ್ಕೂ ಹೆಚ್ಚು ಜನ ಬಂದರು. ಕ್ಲಬ್‌ಗಳ ಲೆಕ್ಕಿಗರು ಇದನ್ನು ನೋಡಿ ಅಭಿಮಾನಿಗಳು ಹೇಗೂ ಬರುತ್ತಾರೆ ಎಂದುಕೊಂಡರೆ ಮೋಸ ಹೋಗುತ್ತಾರೆ. ಸೀಸನ್ ಟಿಕೆಟ್ ದುಡ್ಡು ಬೇಸಿಗೆಯಲ್ಲೇ ಕಟ್ಟಿ ಆಗಿರುತ್ತದೆ. ಕುಸಿತದ ಬೆಲೆ ತಿಳಿಯುವುದು ಮುಂದಿನ ಬೇಸಿಗೆಯ ನವೀಕರಣದಲ್ಲಿ.

ಲೂಟನ್ ಆಡಳಿತ ಕುಸಿತದ ನಡುವೆ ಮಾಡದೆ ಬಿಟ್ಟದ್ದೇ ಹೆಚ್ಚು ಕೆಲಸಕ್ಕೆ ಬಂತು. ಮ್ಯಾನೇಜರ್‌ನನ್ನು ಕಿತ್ತುಹಾಕಲಿಲ್ಲ. ಜನವರಿಯಲ್ಲಿ ಗಾಬರಿಬಿದ್ದು ದುಬಾರಿ ಆಟಗಾರರನ್ನು ತುಂಬಿಕೊಳ್ಳಲಿಲ್ಲ. ಯುರೋಪಿನ ಟೂರ್ನಿಗಳಲ್ಲಿ ಆಡುವ ಕನಸು ಮಾರಲಿಲ್ಲ. ಎಡ್ವರ್ಡ್ಸ್ ಸೋತಾಗ ತಪ್ಪನ್ನು ತಪ್ಪು ಎಂದೇ ಹೇಳುತ್ತಿದ್ದರು. ಕೊನೆಯ ದಿನ ಫುಲಂ ಎದುರು 2-4 ಸೋತು ಹಿಂಬಡ್ತಿ ಅಧಿಕೃತವಾದಾಗಲೂ ಗ್ಯಾಲರಿಯಿಂದ ಬಂದದ್ದು ಚಪ್ಪಾಳೆ.

ಈಗ ಮೈದಾನ. ಸೇವೆ ಎಂದು ನೋಡಿದರೆ ಇದಕ್ಕೆ ಐದರಲ್ಲಿ ಎರಡೂವರೆ, ಅನುಭವ ಎಂದು ನೋಡಿದರೆ ಐದಕ್ಕೆ ಐದು. 1905ರಿಂದ ಆಟ ನಡೆಯುತ್ತಿರುವ ಜಾಗ, ಹಿಡಿಸುವುದು ಸುಮಾರು 12 ಸಾವಿರ ಜನರನ್ನು. ಎದುರಾಳಿ ಬೆಂಬಲಿಗರು ಓಕ್ ರೋಡಿನ ಸಾಲುಮನೆಗಳ ನಡುವಿನ ಬಾಗಿಲಿನಿಂದ ಹೊಕ್ಕು, ಹಿತ್ತಲುಗಳ ಮೇಲೆ ಹಾದುಹೋಗುವ ಕಬ್ಬಿಣದ ಮೆಟ್ಟಿಲು ಹತ್ತಿ ಸ್ಟ್ಯಾಂಡಿಗೆ ಬರುತ್ತಾರೆ. ಒಗೆದು ಹಾಕಿದ ಬಟ್ಟೆಗಳ ಪಕ್ಕದಲ್ಲೇ ಮ್ಯಾಂಚೆಸ್ಟರ್ ಸಿಟಿ ಅಭಿಮಾನಿಗಳ ಮೆರವಣಿಗೆ! ಇನ್ನೊಂದು ಬದಿಯ ಬಾಬರ್ಸ್ ಸ್ಟ್ಯಾಂಡ್ 1986ರಿಂದ ಬರೀ ಗಾಜಿನ ಕೋಣೆಗಳ ಸಾಲಾಗಿತ್ತು. ಪ್ರೀಮಿಯರ್ ಲೀಗ್ ನಿಯಮದ ಪ್ರಕಾರ ಕ್ಯಾಮೆರಾ, ಪತ್ರಕರ್ತರ ಜಾಗ, ದೀಪಗಳು ಬೇಕಾದ್ದರಿಂದ 2023ರ ಬೇಸಿಗೆಯಲ್ಲಿ ಅದನ್ನು ಒಡೆದು ಕಟ್ಟಿದರು. ಕೆಲಸ ಸಮಯಕ್ಕೆ ಮುಗಿಯದೆ ಬರ್ನ್‌ಲಿ ವಿರುದ್ಧದ ಮೊದಲ ತವರು ಪಂದ್ಯವೇ ಮುಂದಕ್ಕೆ ಹೋಯಿತು. ಮೈದಾನ ತೆರೆದದ್ದು ಸೆಪ್ಟೆಂಬರ್ 1ರಂದು ವೆಸ್ಟ್ ಹ್ಯಾಮ್ ಪಂದ್ಯಕ್ಕೆ. ಮೂವತ್ತೊಂದು ವರ್ಷ ಕಾದು ಬಂದ ಮೊದಲ ದರ್ಜೆಯ ತವರು ಪಂದ್ಯ ಕಟ್ಟಡ ಕೆಲಸದಿಂದ ಮುಂದೂಡಿಕೆಯಾಗುವುದು ಯಾವ ಕ್ಲಬ್ಬಿಗೂ ಶೋಭೆಯಲ್ಲ. ಬಡ್ತಿ ಮೇ ಕೊನೆಯ ವಾರದಲ್ಲಿ ಖಚಿತವಾಗಿ ಲೀಗ್ ಆಗಸ್ಟ್‌ನಲ್ಲಿ ಶುರುವಾದರೆ ಕೈಯಲ್ಲಿ ಉಳಿಯುವುದು ಹನ್ನೊಂದು ವಾರ ಎನ್ನುವುದೂ ನಿಜ.

ಸೀಟು ಆರಿಸುವಾಗ ನೋಡಬೇಕಾದ್ದು ಕಂಬ. ಹಳೆಯ ಮೇನ್ ಸ್ಟ್ಯಾಂಡ್‌ನ ಚಾವಣಿಯನ್ನು ಹೊತ್ತ ಕಂಬಗಳು ಕೆಲವು ಕುರ್ಚಿಗಳಿಂದ ಒಂದು ಗೋಲುಪೆಟ್ಟಿಗೆಯನ್ನೇ ಮರೆಮಾಡುತ್ತವೆ. ಅಂಥ ಸೀಟನ್ನು ನೋಟಕ್ಕೆ ಅಡ್ಡಿ ಇದೆ ಎಂದು ನಮೂದಿಸಿಯೇ ಮಾರುತ್ತಾರೆ, ಆ ಸಣ್ಣಕ್ಷರವನ್ನು ಓದದೆ ದುಡ್ಡು ಕಟ್ಟಬೇಡಿ. ಕೆಲವೆಡೆ ಕುರ್ಚಿ ಇನ್ನೂ ಮರದ್ದು, ಕಾಲು ಚಾಚಲು ಜಾಗ ಕಡಿಮೆ. ಆರಡಿ ಎತ್ತರದವರು ಸಾಲಿನ ಅಂಚಿನ ಸೀಟು ಹಿಡಿಯುವುದು ಲೇಸು. ಪಿಚ್ ಕಾಣುವ ಜಾಗದಲ್ಲಿ ಮದ್ಯ ಕುಡಿಯುವುದಕ್ಕೆ ಇಂಗ್ಲೆಂಡಿನಲ್ಲಿ 1985ರ ಕಾನೂನು ಬಿಡುವುದಿಲ್ಲ. ಹಾಗಾಗಿ ವಿರಾಮದ 15 ನಿಮಿಷದಲ್ಲಿ ಎಲ್ಲರೂ ಸ್ಟ್ಯಾಂಡ್ ಕೆಳಗಿನ ಇಕ್ಕಟ್ಟಿಗೆ ಒಮ್ಮೆಗೇ ನುಗ್ಗುತ್ತಾರೆ. ಶೌಚಾಲಯವೋ ಚಹಾವೋ, ಎರಡರಲ್ಲಿ ಒಂದು ಮಾತ್ರ ಸಾಧ್ಯ. ಎರಡೂ ಬೇಕೆಂದರೆ 40ನೇ ನಿಮಿಷಕ್ಕೇ ಎದ್ದು, ಆಗ ಬೀಳುವ ಗೋಲಿನ ಆಸೆ ಬಿಡಬೇಕು. ಊಟಕ್ಕೆ ಒಳಗಿನ ಪೈ ನೆಚ್ಚಿಕೊಳ್ಳಬೇಕಾಗಿಲ್ಲ. ಮೈದಾನ ಇರುವ ಬರಿ ಪಾರ್ಕ್ ದಕ್ಷಿಣ ಏಷ್ಯಾದವರ ಬಡಾವಣೆ. ಬಿರಿಯಾನಿ, ಕಬಾಬ್, ಸಮೋಸ, ಮಿಠಾಯಿ ಅಂಗಡಿಗಳು ನಡೆಯುವ ದಾರಿಯಲ್ಲೇ ಇವೆ. ಸಸ್ಯಾಹಾರಿಗಳಿಗೂ ಇಂಗ್ಲೆಂಡಿನ ಬಹುಪಾಲು ಮೈದಾನಗಳಿಗಿಂತ ಇಲ್ಲಿ ವಾಸಿ.

ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್‌ನಿಂದ ರೈಲಿನಲ್ಲಿ ಲೂಟನ್ ನಿಲ್ದಾಣಕ್ಕೆ ವೇಗದ ಗಾಡಿಯಾದರೆ ಅರ್ಧ ಗಂಟೆಯ ಆಸುಪಾಸು, ಎಲ್ಲ ಕಡೆ ನಿಲ್ಲುವುದಾದರೆ ಮುಕ್ಕಾಲು ಗಂಟೆ. ಅಲ್ಲಿಂದ ಇಪ್ಪತ್ತು ನಿಮಿಷ ನಡಿಗೆ. ಲೂಟನ್ ಏರ್‌ಪೋರ್ಟ್ ಪಾರ್ಕ್‌ವೇ ಎನ್ನುವ ನಿಲ್ದಾಣ ಬೇರೆ, ಹೆಸರು ನೋಡಿ ಅಲ್ಲೇ ಇಳಿದುಬಿಟ್ಟರೆ ಮೈದಾನ ದೂರವಾಗುತ್ತದೆ.

ಸೇವೆಯ ನಿಜವಾದ ಕೊರತೆ ಟಿಕೆಟ್ ಹಂಚಿಕೆಯಲ್ಲಿ. 12 ಸಾವಿರ ಕುರ್ಚಿಯಲ್ಲಿ ಎದುರಾಳಿಗಳ ಪಾಲು ತೆಗೆದು, ಸೀಸನ್ ಟಿಕೆಟ್‌ದಾರರನ್ನು ಕೂರಿಸಿದ ಮೇಲೆ ಮಾರಲು ಉಳಿಯುವುದು ಚೂರುಪಾರು. ಇಂಥ ಕ್ಲಬ್‌ಗಳು ಸಾಮಾನ್ಯವಾಗಿ ಹಿಂದೆ ಎಷ್ಟು ಪಂದ್ಯಕ್ಕೆ ಬಂದಿದ್ದೀರಿ ಎನ್ನುವುದರ ಮೇಲೆ ಸರದಿ ಕೊಡುತ್ತವೆ. ಹಳಬರಿಗೆ ನ್ಯಾಯ, ಆದರೆ ಬಡ್ತಿಯಿಂದ ಹೊಸದಾಗಿ ಆಸಕ್ತಿ ಹುಟ್ಟಿದ ಶಾಲಾ ಮಕ್ಕಳಿಗೆ ಬಾಗಿಲು ಮುಚ್ಚಿದಂತೆ. ಬಡ್ತಿಯ ವರ್ಷವೇ ಮುಂದಿನ ತಲೆಮಾರಿನ ಅಭಿಮಾನಿ ಹುಟ್ಟುವ ವರ್ಷ. ಪ್ರತಿ ಪಂದ್ಯಕ್ಕೆ ಇನ್ನೂರು ಸೀಟನ್ನಾದರೂ ಊರಿನ ಶಾಲೆಗಳಿಗೆಂದು ತೆಗೆದಿಡುವುದು ಬುದ್ಧಿವಂತಿಕೆ. ಹೋಗಲಾಗದ ಸೀಸನ್ ಟಿಕೆಟ್‌ದಾರರು ತಮ್ಮ ಸೀಟನ್ನು ಕ್ಲಬ್ಬಿಗೇ ಮರಳಿಸಿ ಮಾರಿಸುವ ವ್ಯವಸ್ಥೆ ಸುಲಭವಾಗಿದ್ದಷ್ಟೂ ಖಾಲಿ ಕುರ್ಚಿ ಕಡಿಮೆ. ಕುಸಿತದ ದಿನಗಳಲ್ಲಿ ತಂಡದ ಕಣ್ಣಿಗೆ ಮೊದಲು ಬೀಳುವುದು ಖಾಲಿ ಕುರ್ಚಿಯೇ.

ಪಂದ್ಯದ ವೇಳೆಯಂತೂ ಕ್ಲಬ್ಬಿನ ಕೈಯಲ್ಲಿಲ್ಲ. ಬ್ರಿಟನ್ನಿನಲ್ಲಿ ಶನಿವಾರ ಮಧ್ಯಾಹ್ನ 2.45ರಿಂದ 5.15ರವರೆಗೆ ಪಂದ್ಯಗಳ ನೇರ ಪ್ರಸಾರವಿಲ್ಲ. ಟಿವಿಯವರು ಆರಿಸಿದ ಪಂದ್ಯ 12.30ಕ್ಕೋ ಸಂಜೆ 5.30ಕ್ಕೋ ಭಾನುವಾರಕ್ಕೋ ಸೋಮವಾರ ರಾತ್ರಿ 8ಕ್ಕೋ ಹಾರುತ್ತದೆ. ಮೂರು ಗಂಟೆಯ ಪಂದ್ಯವನ್ನು ಇಂಗ್ಲೆಂಡಿನವರೇ ಮನೆಯಲ್ಲಿ ನೋಡಲಾರರು, ಚಳಿಗಾಲದಲ್ಲಿ ರಾತ್ರಿ 8.30ಕ್ಕೆ ಬೆಂಗಳೂರಿನಲ್ಲಿ ನೋಡಬಹುದು ಎನ್ನುವುದು ತಮಾಷೆ. ಮುಂಗಡ ರೈಲು ಟಿಕೆಟ್ ತೆಗೆದವರಿಗೆ ಮಾತ್ರ ಇದು ತಮಾಷೆಯಲ್ಲ. ಸೋಮವಾರ ರಾತ್ರಿ ಉತ್ತರದ ಊರಿನಲ್ಲಿ ಸೋತು, ಕೊನೆಯ ರೈಲೂ ತಪ್ಪಿದರೆ ಎಂಥ ನಿಷ್ಠೆಯೂ ಸವೆಯುತ್ತದೆ. ಪ್ರೀಮಿಯರ್ ಲೀಗ್‌ನಲ್ಲಿ ಹೊರ ಊರಿನ ಪಂದ್ಯದ ಟಿಕೆಟ್ಟಿಗೆ 2016-17ರಿಂದ 30 ಪೌಂಡ್ ಮಿತಿ ಇದೆ, ಪ್ರಯಾಣಕ್ಕೆ ಮಿತಿ ಇಲ್ಲ. ಕುಸಿತದಲ್ಲಿರುವ ಕ್ಲಬ್ ಅಭಿಮಾನಿಗಳಿಗೆ ಏನಾದರೂ ಮಾಡಬೇಕೆಂದರೆ ಉಚಿತ ಸ್ಕಾರ್ಫ್ ಹಂಚುವುದಕ್ಕಿಂತ ಅಂಥ ರಾತ್ರಿಗೆ ಬಸ್ಸು ಬಿಡುವುದು ಮೇಲು.

2024-25ಕ್ಕೆ ಬಂದರೆ ಬೇರೆಯೇ ಕಥೆ. ಲೂಟನ್ ಎರಡನೇ ದರ್ಜೆಗೆ ಇಳಿಯಿತು. ಕೆಳಗಿಳಿದ ತಂಡಕ್ಕೆ, ಪ್ರೀಮಿಯರ್ ಲೀಗ್ ತಂಡಗಳಿಗೆ ಟಿವಿ ಪ್ರಸಾರ ಹಣದಿಂದ ಸಮನಾಗಿ ಸಿಗುವ ಪಾಲಿನಲ್ಲಿ ಮೊದಲ ವರ್ಷ ಶೇ 55, ಎರಡನೇ ವರ್ಷ ಶೇ 45 ಸಿಗುತ್ತದೆ. ಮೂರನೇ ವರ್ಷದ ಕಂತು ಒಂದೇ ಸೀಸನ್ ಆಡಿ ಇಳಿದವರಿಗಿಲ್ಲ. ಆ ಹಣ ಇರುವುದರಿಂದಲೇ ಈ ಸಲ ಎಲ್ಲರೂ ಲೂಟನ್ ಗೆಲ್ಲಬೇಕು ಎಂದುಕೊಂಡರು. ಮೊದಲ ಪಂದ್ಯದಲ್ಲೇ ತವರಲ್ಲಿ ಬರ್ನ್‌ಲಿಗೆ 1-4. ಹೊರ ಊರುಗಳಲ್ಲಿ ಸಾಲು ಸಾಲು ಸೋಲು. 2025ರ ಜನವರಿ 9ರಂದು 20ನೇ ಸ್ಥಾನದಲ್ಲಿದ್ದಾಗ ಎಡ್ವರ್ಡ್ಸ್ ಹೊರನಡೆದರು. ಅವರ ಜಾಗಕ್ಕೆ ಮ್ಯಾಟ್ ಬ್ಲೂಮ್‌ಫೀಲ್ಡ್ ಬಂದರು. ಮೇ 3ರಂದು ವೆಸ್ಟ್ ಬ್ರಾಮ್‌ನಲ್ಲಿ 3-5 ಸೋತು ಮೂರನೇ ದರ್ಜೆಗೆ ಜಾರಿದರು. ಹಿಂದಿನ ವರ್ಷ ಆರ್ಸೆನಲ್‌ಗೆ ಸೋತಾಗ ಚಪ್ಪಾಳೆ ಹೊಡೆದ ಕೈಗಳೇ ಈಗ ಸುಮ್ಮನಾದವು. ಜನ ಬದಲಾಗಿರಲಿಲ್ಲ, ಅಪೇಕ್ಷೆ ಬದಲಾಗಿತ್ತು. ಬಡವ ಬಲಿಷ್ಠನ ಎದುರು ನೆಲಕ್ಕೆ ಬಿದ್ದರೆ ಅನುಕಂಪ ಹುಟ್ಟುತ್ತದೆ. ಜೇಬಿನಲ್ಲಿ ದುಡ್ಡಿಟ್ಟುಕೊಂಡು ಸಮಾನರ ಎದುರು ಬಿದ್ದರೆ ಪ್ರಶ್ನೆ ಹುಟ್ಟುತ್ತದೆ. ಬಡ್ತಿಯ ವರ್ಷ ತಂಡಕ್ಕೆ ಸಿಕ್ಕ ಸಹನೆ ಒಂದು ವರ್ಷದ ಸಾಲವಾಗಿತ್ತು, ಆಡಳಿತ ಅದನ್ನು ಆಸ್ತಿ ಎಂದುಕೊಂಡಿತು.

ನಮ್ಮ ಕಡೆಯೂ ಇದೇ ಬಿಸಿ ತಟ್ಟಿದೆ. ಎಸ್‌ಸಿ ಬೆಂಗಳೂರು 2023-24ರಲ್ಲಿ ಭಾರತದ ಮೂರನೇ ದರ್ಜೆಯ ಐ-ಲೀಗ್ 2 ಗೆದ್ದು ಮೇಲೆ ಬಂದು, ಮರುವರ್ಷವೇ ಐ-ಲೀಗ್‌ನಿಂದ ಕೆಳಗಿಳಿಯಿತು. ಲೂಟನ್‌ಗಿದ್ದ ನೂರು ವರ್ಷದ ಜನಬಳಕೆ ಇಲ್ಲಿನ ಹೊಸ ಕ್ಲಬ್‌ಗಳಿಗಿಲ್ಲ. ಹಾಗಾಗಿ ನಮ್ಮಲ್ಲಿ ಕುಸಿತದ ವರ್ಷ ಗ್ಯಾಲರಿ ಉಳಿಸಿಕೊಳ್ಳಲು ವೇಳಾಪಟ್ಟಿ ಮುಂಚೆಯೇ ಗೊತ್ತಾಗುವುದು, ಟಿಕೆಟ್ ಎಲ್ಲಿ ಸಿಗುತ್ತದೆಂದು ಖಚಿತವಾಗಿರುವುದು, ತಂಡದ ಪಟ್ಟಿ ಕನ್ನಡದಲ್ಲಿ ಪ್ರಕಟವಾಗುವುದು ಇಂಥ ಚಿಕ್ಕ ಕೆಲಸಗಳೇ ದೊಡ್ಡವು.

ಈಗ ಲೂಟನ್ ಟಿಕೆಟ್ ಕೊಳ್ಳಬೇಕೇ? ಮೂರನೇ ದರ್ಜೆಯಲ್ಲಿ ತವರು ಪಂದ್ಯಗಳು 19 ಹೋಗಿ 23 ಆಗಿವೆ, ಬಹುಪಾಲು ಶನಿವಾರ ಇಲ್ಲವೇ ವಾರದ ನಡುವಿನ ರಾತ್ರಿ. ಪ್ರೀಮಿಯರ್ ಲೀಗ್ ವರ್ಷಕ್ಕೆ ಹೋಲಿಸಿದರೆ ಸೀಟು ಸಿಗುವುದು ಎಷ್ಟೋ ಸುಲಭ. ಊರಿನ ಪವರ್ ಕೋರ್ಟ್ ಎಂಬ ಜಾಗದಲ್ಲಿ 25 ಸಾವಿರ ಆಸನಗಳ ಹೊಸ ಮೈದಾನಕ್ಕೆ 2024ರ ಡಿಸೆಂಬರ್‌ನಲ್ಲಿ ಅನುಮತಿ ಸಿಕ್ಕಿದೆ, ಅಲ್ಲಿ ಕಂಬ ಇರುವುದಿಲ್ಲ, ಮರದ ಕುರ್ಚಿ ಇರುವುದಿಲ್ಲ, ಮನೆಗಳ ನಡುವಿನ ಬಾಗಿಲೂ ಇರುವುದಿಲ್ಲ. ನೋಡುವುದಿದ್ದರೆ ಹಳೆಯದರಲ್ಲೇ ಒಮ್ಮೆ ನೋಡಿಬಿಡಿ. ಕೆನಿಲ್‌ವರ್ತ್ ರೋಡ್ ಬದಿಯ ಗೋಲಿನ ಹಿಂದೆ, ಕಂಬದಿಂದ ನಾಲ್ಕು ಕುರ್ಚಿ ಆಚೆ.